ಒಂದೇ ಕೆಲಸ, ಎರಡು ಸಂಬಳ: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

(ಮೈಸೂರಿನಲ್ಲಿ ಈಚೆಗೆ ಕೆಲಸಕ್ಕೆ ಸೇರಿದ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಕ್ಕದ ಸೀಟಿನವರ ಸಂಬಳ ನಮ್ಮದಕ್ಕಿಂತ ಜಾಸ್ತಿ ಅಂತ ಗೊತ್ತಾಗುವುದು ಹೆಚ್ಚಿನ ಸಲ ಆಕಸ್ಮಿಕವಾಗಿಯೇ. ಪ್ರಿಂಟರಿನಲ್ಲಿ ಯಾರೋ ಮರೆತುಹೋದ ಪೇ ಸ್ಲಿಪ್ ಸಿಗುತ್ತದೆ. ಗೆಳತಿ ಮನೆ ಸಾಲದ ಅರ್ಜಿ ತುಂಬುವಾಗ ಅಂಕಿ ಕಣ್ಣಿಗೆ ಬೀಳುತ್ತದೆ. ಇಲ್ಲವೇ, ನೀವೇ ಕೆಲಸ ಕಲಿಸಿಕೊಟ್ಟ ಹೊಸ ಹುಡುಗ ಊಟದ ಹೊತ್ತಿನಲ್ಲಿ ತನ್ನ ಸಂಬಳ ಹೇಳಿಬಿಡುತ್ತಾನೆ. ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಂಡಿರುವುದಿಲ್ಲ. ನಿಮಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಆಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ನಾನು ಕಾರ್ಮಿಕರ ಕೇಸುಗಳನ್ನು ನಡೆಸುವ ವಕೀಲೆ. ನನ್ನ ಹತ್ತಿರ ಬರುವವರು ಮೊದಲು ಮಾಲೀಕರ ಬಗ್ಗೆ ಮಾತಾಡುವುದಿಲ್ಲ, ಸಹೋದ್ಯೋಗಿಯ ಬಗ್ಗೆ ಮಾತಾಡುತ್ತಾರೆ. "ಅವನಿಗೆ ಏನು ಬರುತ್ತೆ ಮೇಡಂ? ಎಲ್ಲ ನಾನೇ ಹೇಳಿಕೊಟ್ಟಿದ್ದು." ಎರಡು ವರ್ಷ ಒಟ್ಟಿಗೆ ಟೀ ಕುಡಿದವರು ಮಾತು ಬಿಟ್ಟಿರುತ್ತಾರೆ. ಇಬ್ಬರ ಸಂಬಳವನ್ನೂ ನಿಗದಿ ಮಾಡಿದವರು ಈ ಜಗಳದಲ್ಲಿ ಎಲ್ಲೂ ಇರುವುದೇ ಇಲ್ಲ.

ಇನ್ನು ಕೆಲವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಹೊಟ್ಟೆಕಿಚ್ಚು, ಇರುವುದರಲ್ಲಿ ತೃಪ್ತಿ ಇಲ್ಲ, ಅಂತ. ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹಾಗೆ ಹೇಳಿಕೊಟ್ಟೇ ಬೆಳೆಸಿರುತ್ತಾರೆ. ಅದು ಹೊಟ್ಟೆಕಿಚ್ಚಲ್ಲ. ನಿಮ್ಮ ಕೆಲಸದ ಬೆಲೆ ಎಷ್ಟು ಅನ್ನುವುದು ನಿಮಗೆ ಮೊದಲ ಸಲ ಅಂಕಿಯಲ್ಲಿ ಕಂಡಿದೆ, ಅಷ್ಟೇ.

ನಾನು ಇವತ್ತು ಒತ್ತಿ ಹೇಳಬೇಕಾದ ಮಾತು ಒಂದೇ. ನಿಮಗಿಂತ ಜಾಸ್ತಿ ಸಂಬಳ ಪಡೆಯುವ ಆ ಸಹೋದ್ಯೋಗಿಯೇ ನಿಮಗೆ ಎಲ್ಲರಿಗಿಂತ ಹೆಚ್ಚು ಬೇಕಾದವರು. ಅವರ ಅಂಕಿ ಇಲ್ಲದೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ನಮ್ಮದು ಒಂದೇ ಕೆಲಸ ಅಂತ ಅವರು ಹೇಳದಿದ್ದರೆ ನಿಮ್ಮ ವಾದಕ್ಕೆ ಕಾಲೇ ಇಲ್ಲ. ಅವರ ಜೊತೆ ಮಾತು ಬಿಟ್ಟ ದಿನ ನಿಮ್ಮ ಅರ್ಧ ಸಾಕ್ಷ್ಯ ಹೋಯಿತು.

ಮೊದಲು ಸ್ವಲ್ಪ ಲೆಕ್ಕ ನೋಡೋಣ. "ಎರಡು ಮೂರು ಸಾವಿರದ ವ್ಯತ್ಯಾಸ, ಬಿಡಿ" ಅನ್ನುವವರು ಜಾಸ್ತಿ. ಇಬ್ಬರು ಒಂದೇ ದಿನ ಸೇರುತ್ತಾರೆ ಅಂತಿಟ್ಟುಕೊಳ್ಳಿ. ಒಬ್ಬರಿಗೆ 20,000, ಇನ್ನೊಬ್ಬರಿಗೆ 24,000. ಇಬ್ಬರಿಗೂ ಪ್ರತಿ ವರ್ಷ ಶೇಕಡ 8 ಹೈಕ್. ಕೇಳಲು ಸಮಾನವಾಗಿಯೇ ಇದೆ. ಹತ್ತು ಹೈಕ್ ಆದ ಮೇಲೆ ಮೊದಲಿನವರು 43,178ಕ್ಕೆ ಬಂದಿರುತ್ತಾರೆ, ಎರಡನೆಯವರು 51,814ಕ್ಕೆ. ನಾಲ್ಕು ಸಾವಿರದ ಅಂತರ 8,636 ಆಯಿತು. ಯಾರೂ ಹೊಸದಾಗಿ ಅನ್ಯಾಯ ಮಾಡಲಿಲ್ಲ, ಶೇಕಡಾವಾರು ಹೈಕ್ ತಾನಾಗಿಯೇ ಅದನ್ನು ಬೆಳೆಸಿತು. ಪಿಎಫ್ ಮೂಲ ವೇತನದ ಶೇಕಡ 12, ಅಲ್ಲೂ ಈ ಅಂತರ ಇದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಕೊನೆಯ ಸಂಬಳದ ಮೇಲೆ, ಕೆಲಸ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಲೆಕ್ಕ, ಅಲ್ಲೂ ಇದೆ. ನೀವು ಕಂಪನಿ ಬಿಟ್ಟು ಹೊಸ ಕಡೆ ಹೋದರೆ ಅವರು ಮೊದಲು ಕೇಳುವುದು ಹಿಂದಿನ ಸಂಬಳ ಎಷ್ಟು ಅಂತ. ಅದರ ಮೇಲೆ ಇಷ್ಟು ಶೇಕಡ ಸೇರಿಸಿ ಆಫರ್ ಕೊಡುತ್ತಾರೆ. ಹೀಗೆ ಮೊದಲ ಕೆಲಸದ ಅನ್ಯಾಯ ಎರಡನೆಯ, ಮೂರನೆಯ ಕೆಲಸಕ್ಕೂ ನಿಮ್ಮ ಜೊತೆಗೇ ಬರುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ನಿರ್ದೇಶನ ಹೊರಡಿಸಿ, ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳಲೇಬಾರದು ಅಂದಿತು. ಸದಸ್ಯ ದೇಶಗಳು 2026ರ ಜೂನ್ 7ರೊಳಗೆ ಅದನ್ನು ತಮ್ಮ ಕಾನೂನಿಗೆ ತರಬೇಕು ಅಂತ ಗಡುವು ಕೊಟ್ಟಿತು. ಡಬ್ಲಿನ್ನಲ್ಲೋ ಮ್ಯೂನಿಕ್ಕಿನಲ್ಲೋ ಕೆಲಸ ಮಾಡುವ ನಿಮ್ಮ ಅಕ್ಕ, ಅಣ್ಣ ಇದ್ದರೆ ಇದನ್ನು ಅವರಿಗೂ ತಿಳಿಸಿ.

ಈಗ ನಮ್ಮ ದೇಶದ ಒಂದು ಕೇಸು ಹೇಳುತ್ತೇನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ನಿಮ್ಮ ಆಫೀಸುಗಳಲ್ಲಿ ಕೇಳಿಬರುವ ಎಲ್ಲ ನೆಪಗಳೂ ಅದರಲ್ಲಿವೆ.

ಮ್ಯಾಕಿನನ್ ಮೆಕೆಂಜಿ ಅನ್ನುವ ಹಡಗು ವ್ಯವಹಾರದ ಕಂಪನಿಯಲ್ಲಿ ಆಡ್ರಿ ಡಿಕೋಸ್ಟಾ ಅನ್ನುವವರು ಸ್ಟೆನೋಗ್ರಾಫರ್ ಆಗಿದ್ದರು. ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಟೈಪ್ ಮಾಡಿಕೊಡುವ ಕೆಲಸ. ಅದೇ ಕಂಪನಿಯಲ್ಲಿ ಗಂಡಸರೂ ಸ್ಟೆನೋಗ್ರಾಫರ್ ಆಗಿದ್ದರು. ಅವರಿಗೆ ಸಂಬಳ ಜಾಸ್ತಿ. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಆ ವರ್ಷ ಕೇಂದ್ರ ಸರ್ಕಾರ ಸಮಾನ ವೇತನದ ಸುಗ್ರೀವಾಜ್ಞೆ ತಂದಿತು, 1976ರಲ್ಲಿ ಅದು ಕಾಯ್ದೆಯಾಯಿತು. 1977ರ ಜೂನ್‌ನಲ್ಲಿ ಡಿಕೋಸ್ಟಾ ಅವರ ಕೆಲಸ ಹೋಯಿತು. ಕಾನೂನು ಬಂದ ಮೇಲೂ ನನಗೆ ಕಡಿಮೆ ಕೊಟ್ಟಿದ್ದಾರೆ, ಬಾಕಿ ಕೊಡಿಸಿ, ಅಂತ ಅವರು ಅರ್ಜಿ ಹಾಕಿದರು. ಮೊದಲ ಹಂತದಲ್ಲಿ ಸೋತರು. ಮೇಲ್ಮನವಿಯಲ್ಲಿ ಗೆದ್ದರು. ಕಂಪನಿ ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೂ ಹೋಯಿತು. ಇಷ್ಟೆಲ್ಲ ಹೋರಾಟ ಎಷ್ಟು ಹಣಕ್ಕೆ ಗೊತ್ತಾ? 7,196 ರೂಪಾಯಿ 67 ಪೈಸೆ.

ಕಂಪನಿ ಹೇಳಿದ್ದನ್ನು ಕೇಳಿ. ಇವರು ಹಿರಿಯ ಅಧಿಕಾರಿಗಳ ಜೊತೆ ಕೆಲಸ ಮಾಡುವ 'ಗೌಪ್ಯ ಮಹಿಳಾ ಸ್ಟೆನೋಗ್ರಾಫರ್', ಗಂಡಸರು ಬೇರೆ ವರ್ಗದವರು. ಈ ವರ್ಗದಲ್ಲಿ ಇರುವವರೆಲ್ಲ ಹೆಂಗಸರೇ, ಹಾಗಾಗಿ ಇಲ್ಲಿ ಗಂಡು ಹೆಣ್ಣಿನ ತಾರತಮ್ಯದ ಪ್ರಶ್ನೆಯೇ ಬರುವುದಿಲ್ಲ. ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡೇ ಸಂಬಳ ನಿಗದಿ ಮಾಡಿದ್ದೇವೆ. ಕೊನೆಗೆ, ನಮ್ಮ ಹಣಕಾಸು ಸ್ಥಿತಿ ಚೆನ್ನಾಗಿಲ್ಲ.

1987ರ ಮಾರ್ಚ್‌ನಲ್ಲಿ ಬಂದ ತೀರ್ಪು ಬರೆದವರು ನಮ್ಮವರೇ. ಪಾಂಡವಪುರ ತಾಲ್ಲೂಕಿನ ಇ.ಎಸ್. ವೆಂಕಟರಾಮಯ್ಯನವರು. ಮುಂದೆ 1989ರಲ್ಲಿ ಅವರು ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಇವತ್ತು ಸುಪ್ರೀಂ ಕೋರ್ಟಿನಲ್ಲಿರುವ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ. ಆ ತೀರ್ಪು ಕಂಪನಿಯ ನೆಪಗಳನ್ನು ಒಂದೊಂದಾಗಿ ಬಿಡಿಸಿತು. ಹುದ್ದೆಗೆ ನೀವು ಏನು ಹೆಸರಿಟ್ಟಿದ್ದೀರಿ ಅನ್ನುವುದು ಮುಖ್ಯವಲ್ಲ, ದಿನವೂ ಮಾಡುತ್ತಿರುವ ಕೆಲಸ ಏನು ಅಂತ ನೋಡಬೇಕು. ಎರಡೂ ಕೆಲಸ ಅಚ್ಚು ಹಾಕಿದ ಹಾಗೆ ಒಂದೇ ಇರಬೇಕಿಲ್ಲ, ಸಣ್ಣಪುಟ್ಟ ವ್ಯತ್ಯಾಸ ತೋರಿಸಿ ಹಕ್ಕನ್ನು ಕಿತ್ತುಕೊಳ್ಳುವ ಹಾಗಿಲ್ಲ. ಒಂದು ವರ್ಗಕ್ಕೆ ಹೆಂಗಸರನ್ನು ಮಾತ್ರ ಹಾಕಿ, ಇಲ್ಲಿ ಗಂಡಸರೇ ಇಲ್ಲವಲ್ಲ ಅಂತ ತಪ್ಪಿಸಿಕೊಳ್ಳುವಂತಿಲ್ಲ. ಒಪ್ಪಂದದ ಹೆಸರಿನಲ್ಲಿ ಕಾನೂನು ಮೀರುವಂತಿಲ್ಲ. ಮಾಲೀಕರ ಹತ್ತಿರ ಹಣ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಈ ಕಾನೂನು ನಿಂತಿಲ್ಲ.

ಏಳು ಸಾವಿರ ರೂಪಾಯಿಗೆ ಹತ್ತು ವರ್ಷ ಹೋರಾಡಿದ ಒಬ್ಬ ಹೆಣ್ಣುಮಗಳಿಂದ ನಮಗೆಲ್ಲ ಈ ತೀರ್ಪು ಸಿಕ್ಕಿದೆ. ನನಗೆ ಅವರ ಮೇಲೆ ತುಂಬ ಗೌರವ.

ಹೊಲದಲ್ಲಿ ಈ ಅಂತರ ಯಾರಿಗೂ ಗುಟ್ಟಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು ಅಂತ ಊರಿಗೆಲ್ಲ ಗೊತ್ತಿರುತ್ತದೆ. ನರೇಗಾ ಕೆಲಸದಲ್ಲಿ ಮಾತ್ರ ಇಬ್ಬರಿಗೂ ಒಂದೇ ಕೂಲಿ ಸಿಕ್ಕಿತು. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ, ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಗುದ್ದಲಿ ಹಿಡಿದವರು ಯಾರು ಅಂತ ನೋಡದೆ ಕೂಲಿ ಕೊಡಲು ಸಾಧ್ಯ ಅನ್ನುವುದನ್ನು ಅದು ತೋರಿಸಿಕೊಟ್ಟಿತು.

1976ರ ಆ ಕಾಯ್ದೆ ಈಗ ಬೇರೆ ರೂಪದಲ್ಲಿದೆ. ಅದನ್ನೂ ಇನ್ನು ಮೂರು ಹಳೆಯ ಕಾಯ್ದೆಗಳನ್ನೂ ಸೇರಿಸಿ 2019ರಲ್ಲಿ ವೇತನ ಸಂಹಿತೆ ಮಾಡಿದರು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಅದರ 3ನೇ ಸೆಕ್ಷನ್ ಪ್ರಕಾರ, ಒಂದೇ ಬಗೆಯ ಅಥವಾ ಹೋಲುವ ಕೆಲಸಕ್ಕೆ ಲಿಂಗದ ಆಧಾರದ ಮೇಲೆ ಬೇರೆ ಬೇರೆ ಸಂಬಳ ಕೊಡುವಂತಿಲ್ಲ. ಸಂಬಳದ ಸ್ಲಿಪ್ ಕೊಡುವುದು ಮಾಲೀಕರ ಕರ್ತವ್ಯ. ಬಾಕಿ ಕೇಳಿ ಅರ್ಜಿ ಹಾಕಲು 3 ವರ್ಷದ ಅವಕಾಶ ಇದೆ. ಬಾಕಿಯ ಜೊತೆಗೆ, ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ, ಇಂಥ ಅರ್ಜಿಗಳನ್ನು ತೀರ್ಮಾನಿಸುವ ಪ್ರಾಧಿಕಾರಕ್ಕೆ ಇದೆ. ಈ ಕಾನೂನಿನಲ್ಲಿ ಬೇರೇನು ಮರೆತರೂ ಆ ಮೂರು ವರ್ಷವನ್ನು ಮರೆಯಬೇಡಿ.

ಈಗ ಕೆಲವರ ಮುಖ ಬಾಡುವ ಮಾತು ಹೇಳಬೇಕು. ಖಾಸಗಿ ಕಂಪನಿಯಲ್ಲಿ ಇಬ್ಬರು ಗಂಡಸರು, ಅಥವಾ ಇಬ್ಬರು ಹೆಂಗಸರು, ಒಂದೇ ಕೆಲಸ ಮಾಡುತ್ತಿದ್ದು ಬೇರೆ ಬೇರೆ ಸಂಬಳ ಪಡೆದರೆ ಈ ಸೆಕ್ಷನ್ ಅವರ ನೆರವಿಗೆ ಬರುವುದಿಲ್ಲ. ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14 ಮತ್ತು 16ನೇ ವಿಧಿಗಳನ್ನು ಹಿಡಿದು ಸರ್ಕಾರವನ್ನು ಕೇಳಬಹುದು, ಖಾಸಗಿ ಮಾಲೀಕರನ್ನು ಹಾಗೆ ಕೇಳಲು ಆಗುವುದಿಲ್ಲ. ಐಟಿ ಕಂಪನಿಗಳಲ್ಲಿ ಐದು ವರ್ಷದಿಂದ ಇರುವವರಿಗಿಂತ ಹೊಸದಾಗಿ ಬಂದವರಿಗೆ ಜಾಸ್ತಿ ಸಿಗುತ್ತದಲ್ಲ, ಅದು ಅನ್ಯಾಯವೇ, ಆದರೆ ಅದಕ್ಕೆ ನೇರ ಕಾನೂನು ಇಲ್ಲ. ಅಲ್ಲಿ ನಿಮ್ಮ ಮಾತೇ ನಿಮ್ಮ ಬಲ. ಮಾತಾಡುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಇನ್ನೊಂದು ದೊಡ್ಡ ಗುಂಪಿದೆ. ಗುತ್ತಿಗೆ, ಹೊರಗುತ್ತಿಗೆ, ದಿನಗೂಲಿ, ಅತಿಥಿ. ಸರ್ಕಾರಿ ಕಚೇರಿಗೆ ಹೋಗಿ ನೋಡಿ, ಒಂದೇ ಮೇಜಿನ ಆ ಕಡೆ ಖಾಯಂ ನೌಕರರು, ಈ ಕಡೆ ಹೊರಗುತ್ತಿಗೆಯವರು. ಫೈಲು ಒಂದೇ, ಕಂಪ್ಯೂಟರ್ ಒಂದೇ. ಈ ವಿಷಯದಲ್ಲಿ ದೇಶದ ಕಾನೂನನ್ನು ರೂಪಿಸಿದ ಎರಡು ಕೇಸುಗಳು ಕರ್ನಾಟಕದವೇ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘದ ಕೇಸು, 1990ರದು. ಇನ್ನೊಂದು 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊಟ್ಟ ಉಮಾದೇವಿ ತೀರ್ಪು.

ಉಮಾದೇವಿ ಅಂದ ಕೂಡಲೇ ಗುತ್ತಿಗೆ ನೌಕರರು ತಲೆ ತಗ್ಗಿಸುತ್ತಾರೆ. ನಿಯಮದ ಪ್ರಕಾರ ಆಯ್ಕೆಯಾಗದವರು ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಅಂತ ಆ ತೀರ್ಪು ಹೇಳಿತು. ಅಧಿಕಾರಿಗಳು ಅಷ್ಟನ್ನೇ ಓದಿ ತೋರಿಸುತ್ತಾರೆ. ಅದೇ ತೀರ್ಪಿನ ಇನ್ನೊಂದು ಭಾಗವನ್ನು ಯಾರೂ ತೋರಿಸುವುದಿಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ಆ ದಿನಗೂಲಿ ನೌಕರರಿಗೆ, ಅವರ ವೃಂದದ ಖಾಯಂ ನೌಕರರ ಅತ್ಯಂತ ಕೆಳಗಿನ ಹಂತದ ಸಂಬಳಕ್ಕೆ ಸಮನಾದ ಸಂಬಳ ಕೊಡಿ ಅಂತ ಅದೇ ಪೀಠ ಆದೇಶ ಮಾಡಿತು. ಖಾಯಂ ಮಾಡುವ ಪ್ರಶ್ನೆ ಬೇರೆ, ಸಂಬಳದ ಪ್ರಶ್ನೆ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಟ್ಟಿ, ಮೊದಲನೆಯದರ ಜೊತೆ ಎರಡನೆಯದನ್ನೂ ಕಳೆದುಕೊಂಡವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹತ್ತು ವರ್ಷದ ನಂತರ, 2016ರ ಅಕ್ಟೋಬರ್‌ನಲ್ಲಿ, ಪಂಜಾಬಿನ ಜಗಜಿತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಸ್ಪಷ್ಟ ಮಾಡಿತು. ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಸಿಗಬೇಕು. ಕಡಿಮೆ ಸಂಬಳಕ್ಕೆ ಯಾರೂ ಖುಷಿಯಿಂದ ಒಪ್ಪುವುದಿಲ್ಲ, ಮನೆಯವರ ಹೊಟ್ಟೆ ತುಂಬಿಸಲು, ತಮ್ಮ ಮಾನ ಮರ್ಯಾದೆಯನ್ನು ಬದಿಗಿಟ್ಟು ಒಪ್ಪುತ್ತಾರೆ, ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. "ಅವರೇ ಸಹಿ ಹಾಕಿದ್ದಾರಲ್ಲ" ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅತಿಥಿ ಉಪನ್ಯಾಸಕರು ಇಲ್ಲಿ ಇದ್ದೀರಿ, ನಿಮ್ಮ ವಿಷಯ ಬೇಕು. ಯುಜಿಸಿ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ 57,700. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯ ತನಕ 11,000, 13,000 ಸಿಗುತ್ತಿತ್ತು. ಆಗ ಮುಷ್ಕರದ ನಂತರ 26,000ದಿಂದ 32,000ದವರೆಗೆ ಏರಿಸಿದರು. ಜೊತೆಗೇ ವಾರದ ಪಾಠದ ಗಂಟೆಯನ್ನು 15ಕ್ಕೆ ಏರಿಸಿದರು. ಒಬ್ಬೊಬ್ಬರ ಗಂಟೆ ಹೆಚ್ಚಿದಾಗ ಬೇಕಾದ ಜನ ಕಡಿಮೆಯಾದರು. ಸಂಬಳ ಹೆಚ್ಚಿದ ಸಂತೋಷವನ್ನು ಕೆಲಸ ಕಳೆದುಕೊಂಡ ಗೆಳೆಯರ ಮುಂದೆ ಹೇಳಿಕೊಳ್ಳಲೂ ಆಗದಂತೆ ಮಾಡಿದರು. ಆ ವ್ಯವಸ್ಥೆಯ ಬಗ್ಗೆ ನನಗೆ ಸಿಟ್ಟಿದೆ.

2025ರ ಆಗಸ್ಟ್‌ನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಕೇಸು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅವರಿಗೆ ತಿಂಗಳಿಗೆ 30,000 ಸಿಗುತ್ತಿತ್ತು. ಅದೇ ಪಾಠ ಮಾಡುವ ಖಾಯಂ ಅಧ್ಯಾಪಕರು ಲಕ್ಷ ದಾಟಿದ್ದರು. ವೇತನ ಶ್ರೇಣಿಯ ಕನಿಷ್ಠ ಮೊತ್ತ ಕೊಡಿ ಅಂತ ಆದೇಶವಾಯಿತು. ಸಮಾರಂಭಗಳಲ್ಲಿ ಗುರುಬ್ರಹ್ಮ ಗುರುವಿಷ್ಣು ಅಂತ ಶ್ಲೋಕ ಹೇಳಿದರೆ ಸಾಲದು, ಅದನ್ನು ನಂಬುವುದಾದರೆ ನಡೆಸಿಕೊಳ್ಳುವುದರಲ್ಲೂ ಕಾಣಬೇಕು ಅಂತ ನ್ಯಾಯಮೂರ್ತಿಗಳು ಹೇಳಿದರು. ಆದರೆ ಗಂಟೆ ಲೆಕ್ಕದ ಅತಿಥಿಗೂ ಪೂರ್ಣಾವಧಿ ಗುತ್ತಿಗೆಗೂ ವ್ಯತ್ಯಾಸ ಇದೆ ಅಂತ ಎದುರು ವಕೀಲರು ಹೇಳಿಯೇ ಹೇಳುತ್ತಾರೆ. ಅದಕ್ಕೇ ನೀವು ಪಾಠದ ಹೊರಗೆ ಮಾಡುವ ಕೆಲಸ ಬರಹದಲ್ಲಿರಬೇಕು. ಪರೀಕ್ಷೆ, ಮೌಲ್ಯಮಾಪನ, ಪ್ರವೇಶದ ಕೆಲಸ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಬೇಕಾದ ದಾಖಲೆ, ಎಲ್ಲವೂ.

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಕೆಲಸ ಒಂದೇ ಅಂತ ತೋರಿಸುವ ಹೊಣೆ ಕೇಳುವವರ ಮೇಲೆ. ಕೋರ್ಟಿನಲ್ಲೂ ಹಾಗೇ, ಮ್ಯಾನೇಜರ್ ಕೋಣೆಯಲ್ಲೂ ಹಾಗೇ. "ನಾನೂ ಅವನಷ್ಟೇ ಕೆಲಸ ಮಾಡ್ತೀನಿ" ಅನ್ನುವುದು ಸಾಕ್ಷ್ಯವಲ್ಲ. ಹಾಗಾದರೆ ಯಾವುದು ಸಾಕ್ಷ್ಯ?

ಖಾಸಗಿ ಆಸ್ಪತ್ರೆಯೊಂದರ ಇಬ್ಬರು ನರ್ಸ್‌ಗಳನ್ನು ನೆನೆಸಿಕೊಳ್ಳಿ. ಒಬ್ಬರು ನೇರ ನೇಮಕ, ಇನ್ನೊಬ್ಬರು ಏಜೆನ್ಸಿ ಮೂಲಕ. ವಾರ್ಡಿನ ಡ್ಯೂಟಿ ಚಾರ್ಟ್ ನೋಡಿ. ಸೋಮವಾರ ರಾತ್ರಿ ಪಾಳಿ ಒಬ್ಬರದು, ಮಂಗಳವಾರ ರಾತ್ರಿ ಅದೇ ವಾರ್ಡ್, ಅದೇ ರೋಗಿಗಳು, ಇನ್ನೊಬ್ಬರದು. ಒಬ್ಬರು ರಜೆ ಹಾಕಿದರೆ ಅವರ ಜಾಗಕ್ಕೆ ಇನ್ನೊಬ್ಬರನ್ನೇ ಹಾಕಿದ್ದಾರೆ. ಒಬ್ಬರ ಬದಲು ಇನ್ನೊಬ್ಬರನ್ನು ಮಾಲೀಕರೇ ತಮ್ಮ ಕೈಯಾರೆ ಬರೆದು ಹಾಕಿದ ಮೇಲೆ ಎರಡೂ ಬೇರೆ ಬೇರೆ ಕೆಲಸ ಅನ್ನುವುದು ಹೇಗೆ? ಇಂಥ ಚಾರ್ಟ್‌ಗಳು ಎಲ್ಲ ಕಡೆ ಇರುತ್ತವೆ. ಶಿಫ್ಟ್ ಪಟ್ಟಿ, ಟಿಕೆಟ್ ಹಂಚಿಕೆ, ರೂಟ್ ಪಟ್ಟಿ, ಟೈಮ್‌ಟೇಬಲ್. ನಿಮಗೆ ನೋಡಲು ಹಕ್ಕಿರುವುದನ್ನು ಮಾತ್ರ ಇಟ್ಟುಕೊಳ್ಳಿ. ಬೇರೆಯವರ ಫೈಲ್ ತೆಗೆಯುವುದು, ಎಚ್ಆರ್ ಕಂಪ್ಯೂಟರ್ ನೋಡುವುದು ಖಂಡಿತ ಬೇಡ. ಅದರಿಂದ ನಿಮ್ಮ ನ್ಯಾಯವಾದ ಕೇಳಿಕೆಯೇ ಶಿಸ್ತು ಕ್ರಮವಾಗಿ ತಿರುಗಿಬೀಳುತ್ತದೆ.

ಒಂದು ತಿಂಗಳು ನಿಮ್ಮ ಕೆಲಸವನ್ನು ದಿನವೂ ನಾಲ್ಕು ಸಾಲು ಬರೆಯಿರಿ. ಸಾಧ್ಯವಾದರೆ ಆ ಸಹೋದ್ಯೋಗಿಯೂ ಬರೆಯಲಿ. ಆಮೇಲೆ ಇಬ್ಬರೂ ಪ್ರಾಮಾಣಿಕವಾಗಿ ಪಕ್ಕಪಕ್ಕ ಇಟ್ಟು ನೋಡಿ. ಅವರಿಗೆ ಅನುಭವ ಜಾಸ್ತಿ ಇರಬಹುದು, ಹಣಕಾಸಿನ ಹೊಣೆ ಇರಬಹುದು, ಆಡಿಟ್‌ಗೆ ಸಹಿ ಅವರದೇ ಇರಬಹುದು, ಯಾವಾಗಲೂ ರಾತ್ರಿ ಪಾಳಿ ಇರಬಹುದು. ಇವೆಲ್ಲ ನ್ಯಾಯವಾದ ಕಾರಣಗಳೇ. ಹಾಗೆ ಕಂಡರೆ ಒಪ್ಪಿಕೊಂಡು, ಆ ಹೊಣೆ ನನಗೂ ಕೊಡಿ ಅಂತ ಕೇಳಿ. ಕಾಣದಿದ್ದರೆ ಮುಂದಕ್ಕೆ ಹೋಗಿ.

ಕೇಳುವಾಗ ಮನೆ ಕಷ್ಟ ಹೇಳಬೇಡಿ. ಇದರ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ತಂಗಿ ಮದುವೆ, ಅಪ್ಪನ ಆಪರೇಷನ್, ಮನೆ ಬಾಡಿಗೆ, ಇವನ್ನು ಹೇಳಿದ ಕೂಡಲೇ ಅದು ಹಕ್ಕಿನ ಮಾತಾಗಿ ಉಳಿಯುವುದಿಲ್ಲ, ದಯೆಯ ಮಾತಾಗುತ್ತದೆ. ಅವರು ಒಂದು ತಿಂಗಳ ಅಡ್ವಾನ್ಸ್ ಕೊಟ್ಟು ಕಳಿಸುತ್ತಾರೆ. ಬಜೆಟ್ ಮಾಡುವ ಮುಂಚೆ ಕೇಳಿ, ಅಪ್ರೈಸಲ್ ಮುಗಿದ ಮೇಲೆ ಕೇಳಿದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಬರವಣಿಗೆಯಲ್ಲಿ ಕೇಳಿ. ಇಷ್ಟು ಸಾಕು:

"ನಾನು ಈ ಹುದ್ದೆಯಲ್ಲಿ ಇಂಥ ದಿನಾಂಕದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಕೆಲಸದ ವಿವರ ಜೊತೆಗಿಟ್ಟಿದ್ದೇನೆ. ಇದೇ ಕೆಲಸ ಮಾಡುವವರ ಸಂಬಳ ಮತ್ತು ನನ್ನ ಸಂಬಳದ ನಡುವೆ ವ್ಯತ್ಯಾಸ ಇದೆ ಎಂದು ತಿಳಿದುಕೊಂಡಿದ್ದೇನೆ. ನನ್ನ ಸಂಬಳವನ್ನು ಯಾವ ಆಧಾರದ ಮೇಲೆ ನಿಗದಿ ಮಾಡಿದ್ದೀರಿ ಎಂದು ತಿಳಿಸಿ, ಅದನ್ನು ಸರಿಪಡಿಸಬೇಕೆಂದು ಕೋರುತ್ತೇನೆ."

ಇದರಲ್ಲಿ ಯಾರ ಹೆಸರೂ ಇಲ್ಲ. ಆ ಸಹೋದ್ಯೋಗಿ ಒಪ್ಪುವ ತನಕ ಅವರ ಹೆಸರು ಬರೆಯಬೇಡಿ. ಕರೆದು ಬಾಯಿಮಾತಿನಲ್ಲಿ ಉತ್ತರ ಕೊಟ್ಟರೆ, ಹೊರಗೆ ಬಂದು ಅದೇ ದಿನ ಒಂದು ಮೇಲ್ ಹಾಕಿ: ನೀವು ಇವತ್ತು ಹೀಗೆ ಹೇಳಿದಿರಿ, ನನಗೆ ಅರ್ಥವಾಗಿದ್ದು ಹೀಗೆ. "ಮಾರ್ಕೆಟ್ ರೇಟ್ ಹಾಗಿದೆ" ಅಂದರೆ, ಹಾಗಾದರೆ ನನ್ನ ಕೆಲಸಕ್ಕೆ ಇವತ್ತಿನ ಮಾರ್ಕೆಟ್ ರೇಟ್ ಎಷ್ಟು ಅಂತ ಕೇಳಿ. ಹೊಸಬರಿಗೆ ಇರುವ ಮಾರ್ಕೆಟ್ಟೇ ಹಳಬರಿಗೂ ಇರುವುದು, ಅಲ್ವಾ? "ಬಜೆಟ್ ಇಲ್ಲ" ಅಂದರೆ ಯಾವ ತಿಂಗಳಿಂದ ಸರಿಪಡಿಸುತ್ತೀರಿ ಅಂತ ದಿನಾಂಕ ಕೇಳಿ.

ಸಂಬಳದ ಬಗ್ಗೆ ಮಾತಾಡಬಾರದು ಅಂತ ಆಫರ್ ಲೆಟರಿನಲ್ಲೇ ಬರೆದಿರುತ್ತಾರಲ್ಲ, ಅನ್ನುತ್ತೀರಿ. ಹೌದು, ಸಹಿ ಹಾಕುವ ಮುಂಚೆ ಅದನ್ನು ಓದಿ. ಹಾಗಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಅಂಕಿ ಹಾಕಬೇಡಿ. ಆದರೆ ನನ್ನ ಸಂಬಳದ ಆಧಾರ ಏನು ಅಂತ ಕೇಳಲು ಆ ಷರತ್ತು ಅಡ್ಡ ಬರುವುದಿಲ್ಲ. ಈ ಮೌನದಿಂದ ಲಾಭ ಯಾರಿಗೆ ಅನ್ನುವುದಕ್ಕೆ ಅಮೆರಿಕದ ಲಿಲ್ಲಿ ಲೆಡ್‌ಬೆಟರ್ ಅವರನ್ನು ನೆನೆಯಬೇಕು. ಅಲಬಾಮಾದ ಗ್ಯಾಡ್ಸ್‌ಡೆನ್‌ನ ಗುಡ್‌ಇಯರ್ ಟೈರ್ ಕಾರ್ಖಾನೆಯಲ್ಲಿ 1979ರಿಂದ 19 ವರ್ಷ ಸೂಪರ್‌ವೈಸರ್ ಆಗಿ ದುಡಿದರು. ಕೊನೆಗೆ ಯಾರೋ ಹೆಸರು ಬರೆಯದೆ ಒಂದು ಚೀಟಿ ಇಟ್ಟರು. ಅವರಿಗೆ ತಿಂಗಳಿಗೆ 3,727 ಡಾಲರ್, ಅದೇ ಕೆಲಸದ ಗಂಡಸರಲ್ಲಿ ಅತಿ ಕಡಿಮೆ ಪಡೆಯುತ್ತಿದ್ದವರಿಗೂ 4,286. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಸಂಬಳ ನಿಗದಿಯಾದ 180 ದಿನದೊಳಗೆ ದೂರು ಕೊಡಬೇಕಿತ್ತು ಅಂತ. ಗೊತ್ತೇ ಇಲ್ಲದ್ದಕ್ಕೆ ದೂರು ಕೊಡುವುದು ಹೇಗೆ? 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ತಿದ್ದಿದರು, ಕಡಿಮೆ ಸಂಬಳ ಕೊಟ್ಟ ಪ್ರತಿ ಸಲವೂ ದೂರಿನ ಅವಧಿ ಹೊಸದಾಗಿ ಶುರುವಾಗುತ್ತದೆ ಅಂತ. ಅವರಿಗೆ ಮಾತ್ರ ಬಾಕಿ ಹಣ ಬರಲೇ ಇಲ್ಲ. ಆ ಚೀಟಿ ಇಟ್ಟವರು ಹತ್ತು ವರ್ಷ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಮಾಡುವ ಒಬ್ಬ ತಂಗಿ ಕೇಳಿದರು: "ಮೇಡಂ, ನಾವು ಕೇಳಿದರೆ ಮುಂದಿನ ತಿಂಗಳೇ ಏಜೆನ್ಸಿಯವರು ಬೇರೆಯವರನ್ನು ಕಳಿಸ್ತಾರೆ. ಆಗ ಏನು ಮಾಡೋದು?"

ಆ ಭಯ ಸುಳ್ಳಲ್ಲ. ಹೆದರಬೇಡಿ ಅಂತ ನಾನು ವೇದಿಕೆ ಮೇಲಿಂದ ಹೇಳಿದರೆ ಅದು ಸುಲಭದ ಮಾತು. ಒಬ್ಬರೇ ಕೇಳಬೇಡಿ. ಅದೇ ಕೆಲಸದ ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಿ. ಯೂನಿಯನ್ ಇದ್ದರೆ ಅದರ ಮೂಲಕ ಹೋಗಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ಒಟ್ಟಾಗಿ ಹೋಗಿ. ಗುತ್ತಿಗೆ ಕಾರ್ಮಿಕರು ಖಾಯಂ ಕಾರ್ಮಿಕರ ಹಾಗೆಯೇ ಕೆಲಸ ಮಾಡಿದರೆ ಅದೇ ದರ ಕೊಡಬೇಕು ಅನ್ನುವ ಷರತ್ತು ಗುತ್ತಿಗೆ ಲೈಸೆನ್ಸಿನ ನಿಯಮಗಳಲ್ಲಿ 1970ರ ದಶಕದಿಂದಲೇ ಇತ್ತು. ಈಗ ಕಾನೂನುಗಳು ಹೊಸ ಸಂಹಿತೆಗಳಿಗೆ ಬದಲಾಗಿವೆ, ಹಾಗಾಗಿ ಅರ್ಜಿ ಬರೆಯುವ ಮುಂಚೆ ಯಾವ ಕಾನೂನಿನ ಅಡಿ ಬರೆಯಬೇಕು ಅಂತ ತಿಳಿದವರನ್ನು ಕೇಳಿಕೊಳ್ಳಿ. ನಿಗದಿತ ಅವಧಿಗೆ ನೇರವಾಗಿ ನೇಮಕವಾದವರಿಗೆ ಸಂಬಳ, ಭತ್ಯೆ, ಕೆಲಸದ ಗಂಟೆ ಯಾವುದೂ ಅದೇ ಕೆಲಸದ ಖಾಯಂನವರಿಗಿಂತ ಕಡಿಮೆ ಇರಕೂಡದು ಅಂತ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ. ನಿಮ್ಮ ನೇಮಕ ಯಾವ ಬಗೆಯದು ಅಂತ ಮೊದಲು ಕಾಗದ ನೋಡಿ. ಕಾಗದವೇ ಕೊಟ್ಟಿಲ್ಲದಿದ್ದರೆ ಅದನ್ನೇ ಮೊದಲು ಕೇಳಿ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗನದು. "ನನಗೆ ಕೆಲಸ ಕಲಿಸಿದ ಮೇಡಂಗಿಂತ ನನಗೇ ಆರು ಸಾವಿರ ಜಾಸ್ತಿ ಬರುತ್ತೆ. ಅವರಿಗೆ ಗೊತ್ತಿಲ್ಲ. ಹೇಳಿದರೆ ನನ್ನ ಸಂಬಳ ಕಡಿಮೆ ಮಾಡ್ತಾರಾ?"

ಇಡೀ ಸಂಜೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಮಾಡುವ ಹಾಗಿಲ್ಲ ತಮ್ಮಾ. ಹೆಣ್ಣು ಗಂಡಿನ ಸಂಬಳ ಸಮ ಮಾಡುವ ನೆಪದಲ್ಲಿ ಯಾರ ಸಂಬಳವನ್ನೂ ಇಳಿಸಕೂಡದು ಅಂತ 1976ರ ಕಾಯ್ದೆಯಲ್ಲೇ ಇತ್ತು, ಈಗ ವೇತನ ಸಂಹಿತೆಯ 3ನೇ ಸೆಕ್ಷನ್ನಿನಲ್ಲೂ ಇದೆ. ಕಡಿಮೆ ಇರುವುದನ್ನು ಮೇಲಕ್ಕೆ ತಂದೇ ಸಮ ಮಾಡಬೇಕು. ನಿಮ್ಮ ಆಫರ್ ಲೆಟರಿನಲ್ಲಿ ಗೌಪ್ಯತೆಯ ಷರತ್ತು ಇದೆಯಾ ಅಂತ ಇವತ್ತು ರಾತ್ರಿ ಓದಿ. ಇದ್ದರೆ ಅದನ್ನು ನನಗೆ ತೋರಿಸಿ, ಹೇಳುವ ದಾರಿ ಯಾವುದು ಅಂತ ನೋಡೋಣ. ಇಲ್ಲದಿದ್ದರೆ ನಾಳೆ ಅವರ ಜೊತೆ ಕೂತು ಅಂಕಿ ಹೇಳಿ, ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಅಂತ ಬಿಡಿಸಿ ಹೇಳಿ. ಆಮೇಲೆ ಇಬ್ಬರೂ ಸೇರಿ ಕೆಲಸದ ಪಟ್ಟಿ ಬರೆಯಿರಿ. ಅವರು ಅರ್ಜಿ ಕೊಟ್ಟ ದಿನ ಮ್ಯಾನೇಜರ್ ನಿಮ್ಮನ್ನು ಕರೆದು ಕೇಳಿದರೆ, ನಮ್ಮಿಬ್ಬರದೂ ಒಂದೇ ಕೆಲಸ, ಅವರೇ ನನಗೆ ಕಲಿಸಿದ್ದು ಅಂತ ಹೇಳಲು ತಯಾರಿರಿ. ಪಟ್ಟಿ ಆದ ಮೇಲೆ ಇಬ್ಬರೂ ಒಂದು ಭಾನುವಾರ ಬನ್ನಿ, ಅರ್ಜಿ ನಾನು ಓದಿ ತಿದ್ದಿಕೊಡುತ್ತೇನೆ.